ಮದರಾಸು ಹತ್ತಿರ, ಮಂಗಳೂರು ದೂರ!

ಗೆಳೆಯರೇ, ಒಂದು ಸಣ್ಣ ಲೆಕ್ಕ ಕೇಳುತ್ತೇನೆ. ಕಾಗದ ಪೆನ್ನು ಬೇಡ, ಬಾಯಿಲೆಕ್ಕವೇ ಸಾಕು.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಸುಮಾರು 360 ಕಿ.ಮೀ. ಬೆಂಗಳೂರಿನಿಂದ ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ ಹೋದರೆ ಅದೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು 350 ಕಿ.ಮೀ. ಚೆನ್ನೈಗೆ ಶತಾಬ್ದಿ ಹತ್ತಿದರೆ ಐದು ಗಂಟೆ. ವಂದೇ ಭಾರತ್ ಹತ್ತಿದರೆ ಇನ್ನೂ ಬೇಗ. ಮಂಗಳೂರಿಗೆ? ಬೆಳಿಗ್ಗೆ ಹಗಲು ರೈಲು ಹತ್ತಿ ಕೂತರೆ ಇಳಿಯುವ ಹೊತ್ತಿಗೆ ಒಂಬತ್ತು ಹತ್ತು ಗಂಟೆ ಕಳೆದಿರುತ್ತದೆ. ಅದೇ ದೂರ, ಅದೇ ಭಾರತೀಯ ರೈಲ್ವೆ. ಸಮಯ ಮಾತ್ರ ದುಪ್ಪಟ್ಟು. ಹಾಗಾದರೆ ಬೆಂಗಳೂರಿಗೆ ಹತ್ತಿರದ ಊರು ಯಾವುದು? ಪರರಾಜ್ಯದ ರಾಜಧಾನಿಯೋ, ನಮ್ಮದೇ ನಾಡಿನ ಬಂದರೋ?

'ನಡುವೆ ಘಟ್ಟ ಇದೆ ಸ್ವಾಮಿ, ರೈಲು ಹಾರಿಕೊಂಡು ಹೋಗುತ್ತದೆಯೇ?' ಎಂದು ಕೇಳುವವರಿದ್ದಾರೆ. ಇದೆ, ಒಪ್ಪೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಟ್ಟ. 57 ಸುರಂಗ. ಗಾಡಿ ಅಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳಬೇಕು. ಅಂದರೆ ಘಟ್ಟಕ್ಕೆ ಎರಡು ಗಂಟೆ ಕೊಡಿ. ಉಳಿದ 300 ಕಿ.ಮೀ.ಗೆ ಚೆನ್ನೈ ರೈಲಿನ ವೇಗವನ್ನೇ ಕೊಟ್ಟರೆ ನಾಲ್ಕೂಕಾಲು ಗಂಟೆ. ಒಟ್ಟು ಆರೂಕಾಲು, ಉದಾರವಾಗಿ ಏಳು ಎನ್ನಿ. ಮಿಕ್ಕ ಎರಡು ಮೂರು ಗಂಟೆ ಎಲ್ಲಿ ಹೋಯಿತು? ಅದನ್ನು ಘಟ್ಟ ನುಂಗಿಲ್ಲ. ಒಂಟಿ ಹಳಿ ನುಂಗಿದೆ. ಎದುರು ಗಾಡಿ ಬರಲಿ ಎಂದು ಯಾವುದೋ ಸಣ್ಣ ನಿಲ್ದಾಣದಲ್ಲಿ ಕಾಯುತ್ತ ನಿಲ್ಲುವ ಹೊತ್ತು ನುಂಗಿದೆ. ಚೆನ್ನೈ ದಾರಿಗೆ ಜೋಡಿ ಹಳಿ, ಮಂಗಳೂರು ದಾರಿಗೆ ಒಂಟಿ ಹಳಿ. ಘಟ್ಟವನ್ನು ದೇವರು ಇಟ್ಟ, ಒಂಟಿ ಹಳಿಯನ್ನು ದಿಲ್ಲಿ ದೊರೆಗಳು ಇಟ್ಟರು.

ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ರೈಲ್ವೆ ಎಂಜಿನಿಯರ್ ಅಲ್ಲ. ಆದರೆ ದಾರಿ ಎಂದರೆ ಏನು ಎಂಬುದು ವ್ಯಾಪಾರ ಮಾಡುವವನಿಗೆ ಚೆನ್ನಾಗಿ ಗೊತ್ತು. ದಾರಿ ಹೋದ ಕಡೆ ವ್ಯಾಪಾರ ಹೋಗುತ್ತದೆ. ವ್ಯಾಪಾರ ಹೋದ ಕಡೆ ಭಾಷೆ ಹೋಗುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ದಂಡಿಗೆ ಬಂದ ರೈಲು

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ. ಎಲ್ಲಿಂದ? ಮೈಸೂರಿನಿಂದಲ್ಲ, ಹುಬ್ಬಳ್ಳಿಯಿಂದಲ್ಲ. ಮದರಾಸಿನ ಕಡೆಯಿಂದ, ಜೋಲಾರಪೇಟೆಯ ಮೇಲೆ. ಬಂದು ನಿಂತದ್ದು ಎಲ್ಲಿ? ಪೇಟೆಯಲ್ಲಲ್ಲ, ದಂಡಿನಲ್ಲಿ. ಬ್ರಿಟಿಷರಿಗೆ ಬೇಕಾಗಿದ್ದದ್ದು ಕಂಟೋನ್ಮೆಂಟಿನ ಸೈನಿಕರಿಗೆ ಮದರಾಸಿನ ಸಂಪರ್ಕ. ಚಿಕ್ಕಪೇಟೆಯ ನೇಕಾರನಿಗೆ, ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ರೈಲು ಬೇಕೆಂದು ಅವರು ಯೋಚಿಸಲಿಲ್ಲ. ಯಾಕೆ ಯೋಚಿಸಬೇಕು? ಅವರು ಬಂದದ್ದು ಆಳುವುದಕ್ಕೆ.

ಮೈಸೂರಿಗೆ ರೈಲು ಹಾಕಿಸಿದ್ದು ಮೈಸೂರು ಸಂಸ್ಥಾನ, ಅದೂ 1876-78ರ ಭೀಕರ ಬರಗಾಲದ ಕಾಲದಲ್ಲಿ ಜನರಿಗೆ ಕೂಲಿ ಕೊಡುವುದಕ್ಕಾಗಿ ಮಣ್ಣು ಹೊರಿಸಿ. 1880ರ ದಶಕದ ಆರಂಭದಲ್ಲಿ ಅದು ಮುಗಿಯಿತು. ಆದರೆ ಅದು ಮೀಟರ್ ಗೇಜ್. ಮದರಾಸಿನ ಹಳಿ ಬ್ರಾಡ್ ಗೇಜ್. ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿಯ ದಾರಿಯೂ ಮೀಟರ್ ಗೇಜ್. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ರೈಲು: ಹೊರಗೆ ಹೋಗುವವನಿಗೆ ಅಗಲದ ಹಳಿ, ಒಳನಾಡಿಗೆ ಹೋಗುವವನಿಗೆ ಕಿರಿದಾದ ಹಳಿ. ಮದರಾಸಿಗೆ ಹೋಗುವವನು ವೇಗವಾಗಿ ಹೋದ. ಬೀರೂರಿಗೆ ಹೋಗುವವನು ಕಡಲೆಕಾಯಿ ತಿನ್ನುತ್ತ ಹೋದ.

ಬ್ರಿಟಿಷರು 1947ರಲ್ಲಿ ಹೋದರು. ನಾಡು 1956ರಲ್ಲಿ ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ಆದರೆ ಈ ಅಗಲ-ಕಿರಿದಿನ ಭೇದ 1990ರ ದಶಕದವರೆಗೂ ಹೋಗಲಿಲ್ಲ! ನಮ್ಮ ರಾಜಧಾನಿಯಿಂದ ನಮ್ಮದೇ ಜಿಲ್ಲೆಗಳಿಗೆ ಬ್ರಾಡ್ ಗೇಜ್ ಹಳಿ ಹಾಕುವ ಕೆಲಸ ವೇಗ ಪಡೆದದ್ದು 1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಸಿ.ಕೆ. ಜಾಫರ್ ಷರೀಫರ ಕಾಲದಲ್ಲಿ. ಅವರು ಕನ್ನಡಿಗರು, ಚಿತ್ರದುರ್ಗ ಜಿಲ್ಲೆಯವರು. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆ ನಮ್ಮ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಅವರ ಪಕ್ಷ ಯಾವುದು ಎಂದು ನಾನು ಕೇಳುವುದಿಲ್ಲ. ಕೆಲಸ ಮಾಡಿದವರನ್ನು ನೆನೆಯಬೇಕು.

ಹಾಗೆ ನೋಡಿದರೆ ಕರ್ನಾಟಕದಿಂದ ರೈಲ್ವೆ ಮಂತ್ರಿಗಳಾದವರು ಕಡಿಮೆಯೇ? ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಸದಾನಂದ ಗೌಡ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರನ್ನೂ ಸೇರಿಸಿಕೊಳ್ಳಿ. ಇಷ್ಟು ಮಂದಿ ಆ ಕುರ್ಚಿಯಲ್ಲಿ ಕೂತು ಬಂದರೂ ಬೆಂಗಳೂರು–ಹಾಸನ ನೇರ ಮಾರ್ಗ ಮುಗಿಯಲು ಎಷ್ಟು ವರ್ಷ ಬೇಕಾಯಿತು ಗೊತ್ತೇ? 1996-97ರಲ್ಲಿ ಮಂಜೂರು, 2017ರ ಮಾರ್ಚಿನಲ್ಲಿ ಉದ್ಘಾಟನೆ. ಇಪ್ಪತ್ತು ವರ್ಷ! ಮಂಜೂರಾದ ದಿನ ಹುಟ್ಟಿದ ಮಗು ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹೊತ್ತಿಗೆ ರೈಲು ಬಂತು.

ಮಂಗಳೂರಿನ ಕಥೆ ಇನ್ನೂ ಕರುಣಾಜನಕ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ತೆರೆದದ್ದು 1979ರಲ್ಲಿ. ಗೇಜ್ ಪರಿವರ್ತನೆಗೆಂದು 1996ರಲ್ಲಿ ಘಟ್ಟದ ಭಾಗ ಮುಚ್ಚಿದರು. ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ. ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್ 8ಕ್ಕೆ. ಹನ್ನೊಂದು ವರ್ಷ ಕರಾವಳಿಗೂ ರಾಜಧಾನಿಗೂ ನಡುವೆ ಈ ದಾರಿಯಲ್ಲಿ ರೈಲೇ ಇರಲಿಲ್ಲ. ಯಾರಾದರೂ ರಾಜೀನಾಮೆ ಕೊಟ್ಟರೇ? ಮೊದಲು ಅದಿರು ತುಂಬಿದ ವ್ಯಾಗನ್, ಆಮೇಲೆ ಮನುಷ್ಯ. ಇದು ಅವರ ಲೆಕ್ಕ.

ವಂದೇ ಭಾರತ್ ಬಂದಾಗಲೂ ಅದೇ ಓರೆ. ನಮ್ಮ ಊರಿಗೆ ಮೊದಲು ಬಂದದ್ದು 2022ರ ನವೆಂಬರಿನಲ್ಲಿ, ಚೆನ್ನೈ–ಮೈಸೂರು ಗಾಡಿ. ಧಾರವಾಡಕ್ಕೆ 2023ರ ಜೂನ್. ಕಲಬುರಗಿಗೆ 2024ರ ಮಾರ್ಚ್. ಬೆಳಗಾವಿಗೆ 2025ರ ಆಗಸ್ಟ್. ಮಂಗಳೂರಿಗೆ ಗೋವಾದಿಂದ ಬಂತು, ತಿರುವನಂತಪುರದಿಂದ ಬಂತು. 2025 ಮುಗಿಯುವವರೆಗೂ ಬೆಂಗಳೂರಿನಿಂದ ಬರಲಿಲ್ಲ. ಮಂಗಳೂರಿನ ಹುಡುಗನೊಬ್ಬ ಕೇರಳದ ರಾಜಧಾನಿಗೆ ವಂದೇ ಭಾರತ್‌ನಲ್ಲಿ ಹೋಗಬಲ್ಲ, ತನ್ನ ರಾಜಧಾನಿಗೆ ಹೋಗಲಾರ ಎಂಬ ಸ್ಥಿತಿಯನ್ನು ಏನೆಂದು ಕರೆಯೋಣ?

ತಮಿಳರ ಮೇಲೆ, ಮಲಯಾಳಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ಬೇಕಾದ್ದನ್ನು ಕೇಳಿ, ಜಗಳ ಮಾಡಿ ತಂದುಕೊಂಡರು. ಅಳುವ ಮಗುವಿಗೇ ಹಾಲು. ನಮ್ಮ ಇಪ್ಪತ್ತೆಂಟು ಲೋಕಸಭಾ ಸದಸ್ಯರಿಗೆ ಅಳುವುದಕ್ಕೂ ಹೈಕಮಾಂಡಿನ ಅಪ್ಪಣೆ ಬೇಕು.

ಒಂದು ನಾಡು, ಐದು ಯಜಮಾನರು

ಕನ್ನಡ ನಾಡಿನ ರೈಲು ಯಾರ ಕೈಯಲ್ಲಿದೆ? ಬೆಂಗಳೂರು, ಮೈಸೂರು, ಹುಬ್ಬಳ್ಳಿ ವಿಭಾಗಗಳು ನೈರುತ್ಯ ರೈಲ್ವೆಯಲ್ಲಿವೆ. ಅದು ಹುಟ್ಟಿದ್ದೇ 2003ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಬೆಂಗಳೂರಿನ ಒಂದು ಗಾಡಿಗೆ ಒಂದು ಬೋಗಿ ಸೇರಿಸಬೇಕಾದರೂ ಕಡತ ಮದರಾಸಿಗೆ ಹೋಗಬೇಕಿತ್ತು, ಹುಬ್ಬಳ್ಳಿಯ ಕಡತ ಸಿಕಂದರಾಬಾದಿಗೆ ಹೋಗಬೇಕಿತ್ತು. ಹುಬ್ಬಳ್ಳಿಯ ಜನ ಬೀದಿಗಿಳಿದು ಹೋರಾಡಿದರು, ವಲಯದ ಕೇಂದ್ರ ಕಚೇರಿಯನ್ನು ತಮ್ಮ ಊರಿಗೆ ತಂದುಕೊಂಡರು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಕೆಲಸ ಅರ್ಧಕ್ಕೇ ನಿಂತಿದೆ. ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ಬೀದರ್ ದಕ್ಷಿಣ ಮಧ್ಯ ರೈಲ್ವೆಯದು. ಕಾರವಾರ, ಕುಂದಾಪುರ, ಉಡುಪಿ ಕೊಂಕಣ ರೈಲ್ವೆಯವು. ಒಂದೇ ಮನೆ, ಐದು ಯಜಮಾನರು! ಮಂಗಳೂರಿನವರು ಬೆಂಗಳೂರಿಗೆ ಹೊಸ ಗಾಡಿ ಕೇಳಿದರೆ ಪಾಲಕ್ಕಾಡಿನ ಅಧಿಕಾರಿಗೆ ಅದರಲ್ಲಿ ಏನು ಆಸಕ್ತಿ? ಕಲಬುರಗಿ ವಿಭಾಗ ಮಾಡುತ್ತೇವೆಂದು 2014ರಲ್ಲಿ ಘೋಷಿಸಿದರು. ಆ ವಿಭಾಗ ಇಂದಿಗೂ ಬಾಗಿಲು ತೆರೆದಿಲ್ಲ.

ಇನ್ನೊಂದು ಸಂಗತಿ. ಬೆಂಗಳೂರಿನಿಂದ ಕಲಬುರಗಿಗೆ ಹೋಗುವ ಮುಖ್ಯ ರೈಲು ದಾರಿ ಹಿಂದೂಪುರ, ಧರ್ಮಾವರಂ, ಗುಂತಕಲ್ ಮೇಲೆ, ಅಂದರೆ ಆಂಧ್ರವನ್ನು ಹಾದು ಹೋಗುತ್ತದೆ. ಸ್ವಂತ ಮನೆಯ ಹಿತ್ತಲಿಗೆ ಹೋಗಲು ಪಕ್ಕದ ಮನೆಯ ನಡುಮನೆಯಲ್ಲಿ ಹಾದು ಹೋದಂತೆ. ಇತ್ತ ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ ಹಾಕಿದರೆ ಅರಸೀಕೆರೆ, ಬೀರೂರಿನ ಸುತ್ತು ತಪ್ಪಿ ಹುಬ್ಬಳ್ಳಿ, ಬೆಳಗಾವಿಗಳು ಹತ್ತಿರವಾಗುತ್ತವೆ. ಆ ಯೋಜನೆಗೂ ಒಪ್ಪಿಗೆ ಸಿಕ್ಕು ಹತ್ತು ವರ್ಷಕ್ಕೂ ಮೇಲಾಯಿತು. ಭೂಮಿ ಕೊಡಲು ರಾಜ್ಯ ತಡ, ಹಣ ಕೊಡಲು ಕೇಂದ್ರ ತಡ. ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ. ನಾವು ಇಬ್ಬರ ಬೆರಳನ್ನೂ ನೋಡುತ್ತ ಕೂತಿದ್ದೇವೆ.

ಪ್ರೆಸ್ಸಿನವನ ಕಣ್ಣಿಗೆ ಕಂಡದ್ದು

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುವಿರಾ? ನನ್ನ ಕಸುಬಿನಿಂದಲೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕ್ಯಾಲೆಂಡರ್, ಡೈರಿ, ಲೇಬಲ್ಲುಗಳ ದೊಡ್ಡ ಆರ್ಡರ್ ಇದ್ದರೆ ಅದು ನಮ್ಮ ಕೈ ಸೇರುವುದು ಅಪರೂಪ. ಶಿವಕಾಶಿಗೆ ಹೋಗುತ್ತದೆ. ಅವರ ಕೆಲಸ ಚೆನ್ನಾಗಿದೆ, ದರ ಕಡಿಮೆ, ಅದು ಸರಿ. ಆದರೆ ಅಷ್ಟೇ ಕಾರಣವಲ್ಲ. ಸಂಜೆ ಅಲ್ಲಿ ಲಾರಿಗೆ ಹಾಕಿದ ಬಂಡಲ್ ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಬಂದು ಬೀಳುತ್ತದೆ. ದಾರಿ ಅಷ್ಟು ಚೆನ್ನಾಗಿದೆ. ನನಗೆ ಬೇಕಾದ ಕಾಗದವೂ ಬಹುಪಾಲು ಅದೇ ರಸ್ತೆಯಲ್ಲೇ ಬರುತ್ತದೆ. ಒಂದು ಕಾಲಕ್ಕೆ ಭದ್ರಾವತಿಯ ಎಂಪಿಎಂ ಕಾಗದದಲ್ಲಿ ಅಚ್ಚು ಹಾಕಿದ ಕೈ ಇದು. ಆ ಕಾರ್ಖಾನೆಯ ಯಂತ್ರ ನಿಂತು ವರ್ಷಗಳೇ ಆದವು.

ಈಗ ಕಲಬುರಗಿಯ ಗಿರಾಕಿಯನ್ನು ನೋಡಿ. ಆತನಿಗೆ ಸೊಲ್ಲಾಪುರ ನೂರು ಚಿಲ್ಲರೆ ಕಿ.ಮೀ., ಹೈದರಾಬಾದು ಇನ್ನೂರು ಚಿಲ್ಲರೆ. ಬೆಂಗಳೂರು ಆರುನೂರರ ಹತ್ತಿರ. ಬೀದರಿನವನಿಗೆ ಹೈದರಾಬಾದಿಗೆ ಹೋಗಿ ಸಂಜೆಗೆ ವಾಪಸ್ಸು ಬರಬಹುದು. ಬೆಂಗಳೂರಿಗೆ ಬರಬೇಕಾದರೆ ಒಂದು ರಾತ್ರಿ ಹೋಗಬೇಕು. ಬೆಳಗಾವಿಯವನಿಗೆ ಕೊಲ್ಲಾಪುರ ಎರಡು ಗಂಟೆಯ ದಾರಿ. ಹೀಗಾಗಿ ಅವರ ಲಗ್ನಪತ್ರಿಕೆ, ಬಿಲ್ ಪುಸ್ತಕ, ಅಂಗಡಿಯ ಚೀಲ ಎಲ್ಲ ಅಲ್ಲಿ ಅಚ್ಚಾಗುತ್ತವೆ. ಅಲ್ಲಿಯ ಕಂಪೋಸಿಂಗ್ ಹುಡುಗನಿಗೆ ಕನ್ನಡ ಬರುವುದಿಲ್ಲ. 'ಕನ್ನಡದಲ್ಲಾದರೆ ಎರಡು ದಿನ ತಡ, ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಆದರೆ ಈಗಲೇ' ಎನ್ನುತ್ತಾನೆ. ಮದುವೆ ಮನೆಯವರಿಗೆ ಅವಸರ. ಕನ್ನಡ ಬಿಟ್ಟುಹೋಯಿತು. ಯಾರೂ ಕನ್ನಡವನ್ನು ದ್ವೇಷಿಸಿ ಬಿಡಲಿಲ್ಲ. ದಾರಿ ಬೇರೆ ಕಡೆ ಇತ್ತು, ಅಷ್ಟೇ.

ಕಳೆದ ವರ್ಷ ರಾಯಚೂರಿನ ಕಡೆಯ ಒಬ್ಬ ಹಳೆಯ ಗಿರಾಕಿಗೆ ಎರಡು ಸಾವಿರ ಪಾಠ ಪುಸ್ತಿಕೆ ಅಚ್ಚು ಹಾಕಿ, ಒಂದು ಖಾಸಗಿ ಬಸ್ಸಿನ ಪಾರ್ಸೆಲ್‌ಗೆ ಹಾಕಿದೆ. ಹಬ್ಬದ ವಾರ. ಬಂಡಲ್ ತಲುಪಿದ್ದು ಐದನೇ ದಿನ, ಎರಡು ಮೂಲೆ ನೆನೆದು. ಬಾಡಿಗೆ ಕೊಟ್ಟದ್ದು ಮಾಮೂಲಿಗಿಂತ ಒಂದೂವರೆ ಪಟ್ಟು. ಆತ ಸಜ್ಜನ, ಬೈಯಲಿಲ್ಲ. 'ಮುಂದಿನ ಸಾರಿ ಹೈದರಾಬಾದಿನಲ್ಲೇ ಮಾಡಿಸ್ತೀನ್ರಿ, ಬೇಜಾರು ಮಾಡ್ಕೋಬ್ಯಾಡ್ರಿ' ಎಂದ. ಬೇಜಾರು ಮಾಡಿಕೊಳ್ಳದೆ ಏನು ಮಾಡಲಿ? ನನಗೆ ಒಂದು ಗಿರಾಕಿ ಹೋಯಿತು. ಕನ್ನಡಕ್ಕೆ ಹೋದದ್ದು ಎಷ್ಟು?

ಆಕಾಶಕ್ಕೂ ಬೇಲಿ

ನೆಲದ ಮಾತು ಹೀಗಾಯಿತು. ಆಕಾಶದ ಮಾತಿಗೆ ಬರೋಣ.

1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ಆ ಎಚ್‌ಎಎಲ್ ನಿಲ್ದಾಣದಿಂದಲೇ ದಶಕಗಳ ಕಾಲ ನಮ್ಮ ವಿಮಾನಗಳು ಹಾರಿದವು. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು, ಹಳೆಯದು ಪ್ರಯಾಣಿಕರಿಗೆ ಮುಚ್ಚಿತು. ಸುಮಾರು 4,000 ಎಕರೆ ಜಾಗ. ಬಯಲುಸೀಮೆಯ ರೈತರ ದ್ರಾಕ್ಷಿ, ರಾಗಿ ಬೆಳೆದ ಸೀಮೆ. ನಾಡಪ್ರಭು ಕೆಂಪೇಗೌಡರ ಹೆಸರು ಇಡಿಸಲು ಎಷ್ಟು ಕೂಗಬೇಕಾಯಿತು ಎಂದು ನಿಮ್ಮ ಅಣ್ಣಂದಿರನ್ನು ಕೇಳಿ. 1537ರಲ್ಲಿ ಊರು ಕಟ್ಟಿದವನ ಹೆಸರು ಆ ಊರಿನ ವಿಮಾನ ನಿಲ್ದಾಣಕ್ಕೆ ಅಧಿಕೃತವಾಗಿ ಬಂದದ್ದು 2013ರಲ್ಲಿ. 2022ರಲ್ಲಿ ಎರಡನೇ ಟರ್ಮಿನಲ್ ಬಂತು, 108 ಅಡಿ ಎತ್ತರದ ಪ್ರತಿಮೆಯೂ ನಿಂತಿತು. 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮಂದಿ ಈ ನಿಲ್ದಾಣದಲ್ಲಿ ಹತ್ತಿ ಇಳಿದರು. ಹೆಮ್ಮೆಯೇ. ಇಲ್ಲವೆನ್ನುವುದಿಲ್ಲ.

ಆದರೆ ಒಪ್ಪಂದ ಓದಿದವರು ಎಷ್ಟು ಮಂದಿ? 2004ರಲ್ಲಿ ಆದ ಒಪ್ಪಂದದ ಪ್ರಕಾರ, ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅಂದರೆ 2033ರವರೆಗೆ, ಅದರ ಸುತ್ತ 150 ಕಿ.ಮೀ. ಒಳಗೆ ಬೇರೆ ಹೊಸ ದೊಡ್ಡ ವಿಮಾನ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಭೂಮಿ ನಮ್ಮದು, ಊರು ನಮ್ಮದು, ಪ್ರಯಾಣಿಕ ನಮ್ಮವನು. ಆದರೆ ರಾಜ್ಯ, ಕೇಂದ್ರ ಎರಡೂ ಸೇರಿ ಸರ್ಕಾರದ ಪಾಲು ನೂರಕ್ಕೆ 26. ಆಕಾಶಕ್ಕೆ ಬೇಲಿ ಹಾಕಿಸಿಕೊಂಡವರು ನಾವೇ.

ಈಗ ಮಜಾ ನೋಡಿ. 2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ನಿಂತು, ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಕಟ್ಟುತ್ತೇವೆಂದು ಘೋಷಿಸಿದರು. ಹೊಸೂರು ಎಲ್ಲಿದೆ? ಎಲೆಕ್ಟ್ರಾನಿಕ್ ಸಿಟಿ ದಾಟಿ, ಅತ್ತಿಬೆಲೆ ಗಡಿ ದಾಟಿದರೆ ಹೊಸೂರು. ಆ ನಿಲ್ದಾಣ ಹೊಸೂರಿನ ಜನಕ್ಕೋ? ಅಲ್ಲ ಮಾರಾಯ್ರೆ, ಬೆಂಗಳೂರಿನ ದಕ್ಷಿಣದ ಲಕ್ಷಾಂತರ ಕಂಪನಿ ನೌಕರರಿಗೆ. ಜಯನಗರದವನಿಗೆ, ಬೊಮ್ಮಸಂದ್ರದವನಿಗೆ ದೇವನಹಳ್ಳಿಗಿಂತ ಹೊಸೂರೇ ಹತ್ತಿರ. ಅವರಿಗೂ ಅದೇ 150 ಕಿ.ಮೀ. ಅಡ್ಡಿ ಇದೆ, ನಿಜ. ಆದರೆ ಅವರು ಜಾಗ ಹುಡುಕುತ್ತಿದ್ದಾರೆ. 2033 ಬಂದ ದಿನ ಯಾರು ಸಿದ್ಧರಾಗಿರುತ್ತಾರೋ ಅವರಿಗೆ ಗೆಲುವು. ನಮ್ಮವರು ಏನು ಮಾಡಿದರು? ಕನಕಪುರ ರಸ್ತೆಯೋ ನೆಲಮಂಗಲವೋ ಎಂದು ಜಾತಿ, ಕ್ಷೇತ್ರ, ನಿವೇಶನದ ಬೆಲೆ ಎಲ್ಲವನ್ನೂ ತಕ್ಕಡಿಗೆ ಹಾಕಿ ತೂಗುತ್ತಿದ್ದಾರೆ. ಕೇಂದ್ರದ ತಂಡ ಬಂದು ಜಾಗ ನೋಡಿ ಹೋದದ್ದು 2025ರ ಏಪ್ರಿಲಿನಲ್ಲಿ.

ನನ್ನ ಮಾತು ಕೇಳುವುದಾದರೆ, ತುಮಕೂರು ದಿಕ್ಕಿಗೇ ಬರಲಿ. ಯಾಕೆ? ಹಾಸನ, ಮಂಗಳೂರು, ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆಯಿಂದ ಬರುವವನು ಬೆಂಗಳೂರಿನ ಟ್ರಾಫಿಕ್ಕಿಗೆ ಸಿಗದೆ ವಿಮಾನ ಹತ್ತಬಹುದು. ಹೊಸ ನಿಲ್ದಾಣ ಬೆಂಗಳೂರಿಗೆ ಮಾತ್ರ ಆಗಬಾರದು, ಕರ್ನಾಟಕಕ್ಕೆ ಆಗಬೇಕು.

ಜಿಲ್ಲೆಗಳ ವಿಮಾನ ನಿಲ್ದಾಣಗಳ ಕಥೆಯೂ ಒಂದಿಷ್ಟು. ಕಲಬುರಗಿಯಲ್ಲಿ 2019ರಲ್ಲಿ ತೆರೆಯಿತು. ಶಿವಮೊಗ್ಗದಲ್ಲಿ 2023ರಲ್ಲಿ, ಕುವೆಂಪು ಹೆಸರಿನಲ್ಲಿ. ಕಟ್ಟಡ ಕಟ್ಟುವುದು ಸುಲಭ, ವಿಮಾನ ಹಾರಿಸುವುದು ಕಷ್ಟ. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ಸಿಗುವುದು ಮೂರು ವರ್ಷ. ಆಮೇಲೆ ಕಂಪನಿ ಲೆಕ್ಕ ನೋಡುತ್ತದೆ, ಲಾಭ ಕಾಣದಿದ್ದರೆ ಗಂಟು ಮೂಟೆ ಕಟ್ಟುತ್ತದೆ. ರಿಬ್ಬನ್ ಕತ್ತರಿಸಿದವರು ಆಗ ಆ ಕಡೆ ತಲೆ ಹಾಕುವುದಿಲ್ಲ.

ರಸ್ತೆ ಯಾರಿಗೆ?

ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟಿಸಿದರು. ಒಂದೂವರೆ ಗಂಟೆಯಲ್ಲಿ ಮೈಸೂರು ಎಂದರು. ಐದು ತಿಂಗಳು ತುಂಬುವ ಮೊದಲೇ, ಅಪಘಾತಗಳ ಸರಮಾಲೆಯ ನಂತರ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಆ ಮುಖ್ಯ ರಸ್ತೆ ನಿಷೇಧವಾಯಿತು. ವೇಗದ ರಸ್ತೆಯಲ್ಲಿ ಬೈಕು ಬೇಡ ಎನ್ನುವುದರಲ್ಲಿ ಅರ್ಥವಿದೆ. ನನ್ನ ಪ್ರಶ್ನೆ ಬೇರೆ. ರಾಮನಗರದ ರೇಷ್ಮೆ ಮಾರುವವನಿಗೆ, ಮದ್ದೂರಿನ ರೈತನಿಗೆ ಇರುವ ಸರ್ವಿಸ್ ರಸ್ತೆ ಹೇಗಿದೆ ಎಂದು ಒಮ್ಮೆ ಹೋಗಿ ನೋಡಿ. ಕಾರಿನವನಿಗೆ ರಾಜಮಾರ್ಗ, ಊರಿನವನಿಗೆ ಅಡ್ಡದಾರಿ. ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಮೇಲ್ಸೇತುವೆಯ ಕೆಳಗೆ ಉಳಿದವು.

ಶಿರಾಡಿ ಘಟ್ಟವಂತೂ ಮಳೆಗಾಲ ಬಂದರೆ ದೇವರ ಕೈಯಲ್ಲಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ, ರೈಲು ಎರಡೂ ಬಂದ್. 2024ರ ಜುಲೈ ಕೊನೆಯಲ್ಲಿ ಮತ್ತೆ ಅದೇ: ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಯಿತು, ರೈಲು ಹತ್ತು ದಿನಕ್ಕೂ ಹೆಚ್ಚು ನಿಂತಿತು. ರಾಜಧಾನಿಗೂ ಬಂದರಿಗೂ ನಡುವಿನ ದಾರಿ ವರ್ಷ ವರ್ಷ ಮುರಿಯುತ್ತದೆ. ಅತ್ತ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ನಮ್ಮ ರಾಜ್ಯದ ಭಾಗ, ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿ.ಮೀ., 2024ರ ಡಿಸೆಂಬರಿನಲ್ಲೇ ವಾಹನಗಳಿಗೆ ತೆರೆದುಕೊಂಡಿದೆ. ಮತ್ತೆ ಪೂರ್ವಕ್ಕೇ ಓರೆ! ಲೇಖನದ ಶೀರ್ಷಿಕೆ ಸುಮ್ಮನೆ ಇಟ್ಟದ್ದಲ್ಲ.

ಬಸ್ಸಿನ ವಿಷಯದಲ್ಲಿ ನಾವು ಬಡವರಲ್ಲ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸಿನಿಂದ ಶುರು ಮಾಡಿದ ಸಾರಿಗೆ ಇಲಾಖೆ ಇಂದು ನಾಲ್ಕು ನಿಗಮಗಳಾಗಿ ಬೆಳೆದಿದೆ. ಹಳ್ಳಿ ಹಳ್ಳಿಗೆ ಕೆಂಪು ಬಸ್ಸು ಹೋಗುತ್ತದೆ. ಕನ್ನಡದ ಫಲಕ ಹೊತ್ತು ಹೋಗುತ್ತದೆ. ರೈಲು ಕೈಬಿಟ್ಟ ನಾಡನ್ನು ಕೂಡಿಸಿದ್ದು ಈ ಬಸ್ಸೇ. ಆದರೆ ಯೋಜನೆ ಮಾಡುವವರ ತಲೆ ನೋಡಿ. ಮೆಜೆಸ್ಟಿಕ್ಕಿನ ಒತ್ತಡ ತಗ್ಗಿಸಲು ಪೀಣ್ಯದಲ್ಲಿ ಬಸವೇಶ್ವರರ ಹೆಸರಿನಲ್ಲಿ ಭಾರಿ ಬಸ್ ನಿಲ್ದಾಣ ಕಟ್ಟಿ 2014ರಲ್ಲಿ ತೆರೆದರು. ಅಲ್ಲಿ ಇಳಿದವನು ಮನೆಗೆ ಹೇಗೆ ಹೋಗಬೇಕು ಎಂದು ಯೋಚಿಸಲಿಲ್ಲ. ಜನ ಹೋಗಲಿಲ್ಲ, ಬಸ್ಸುಗಳು ಮೆಜೆಸ್ಟಿಕ್ಕಿಗೇ ವಾಪಸ್ಸು ಬಂದವು. ಕೋಟಿಗಟ್ಟಲೆಯ ಕಟ್ಟಡ ಭಣಗುಟ್ಟಿತು.

ಹಬ್ಬ ಬಂದರೆ ಖಾಸಗಿ ಬಸ್ಸಿನವರ ದರ್ಬಾರು. ನಮ್ಮಲ್ಲಿ ಒಬ್ಬರು ಬಸ್ ಮಾಲೀಕರು ಕರಪತ್ರ ಅಚ್ಚು ಹಾಕಿಸುತ್ತಾರೆ. ಊರ ಹೆಸರು, ಹೊರಡುವ ಸಮಯ ಎಲ್ಲ ಇರುತ್ತದೆ. ದರದ ಜಾಗ ಮಾತ್ರ ಖಾಲಿ. 'ಅದನ್ನು ಆ ದಿನ ನೋಡಿ ಬರ್ಕೋತೀವಿ' ಎನ್ನುತ್ತಾರೆ. ದೀಪಾವಳಿಗೆ ಅಪ್ಪ ಅಮ್ಮನ ಮುಖ ನೋಡಲು ಹೋಗುವ ನಿಮ್ಮ ಜೇಬು ನೋಡಿ ಬರೆಯುವ ದರ ಅದು. ಸಾಕಷ್ಟು ರೈಲಿದ್ದರೆ ಆ ಖಾಲಿ ಜಾಗಕ್ಕೆ ಧೈರ್ಯ ಬರುತ್ತಿತ್ತೇ?

ಊರೊಳಗಿನ ಗೋಳು

ಬೆಂಗಳೂರಿಗೆ ಬಂದು ಇಳಿದರೂ ಪ್ರಯಾಣ ಮುಗಿಯುವುದಿಲ್ಲ. ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಹವಾನಿಯಂತ್ರಿತ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾಯಿತು. ಕಲಬುರಗಿಯ ವಂದೇ ಭಾರತ್ ಬಂದು ನಿಲ್ಲುವುದು ಅಲ್ಲೇ. ಆದರೆ ಮೆಟ್ರೊ ನಿಲ್ದಾಣ ಅದರ ಬಾಗಿಲಿಗಿಲ್ಲ. ಟ್ರಂಕು, ಮಗು, ವಯಸ್ಸಾದ ತಾಯಿ ಇದ್ದವನು ರಾತ್ರಿ ಹೊತ್ತು ಆಟೋದವನ ಬಾಯಿಗೆ ಬಂದಷ್ಟು ಕೊಡಬೇಕು. ವಿಶ್ವೇಶ್ವರಯ್ಯನವರು ಇದ್ದಿದ್ದರೆ ಮೊದಲು ದಾರಿ ಮಾಡಿ ಆಮೇಲೆ ಕಟ್ಟಡ ಕಟ್ಟುತ್ತಿದ್ದರು.

ಉಪನಗರ ರೈಲು? ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಹೂವಿನ ಹೆಸರು ಇಟ್ಟರು. 148 ಕಿ.ಮೀ., 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿಯೇ ಅಡಿಗಲ್ಲು ಹಾಕಿ 40 ತಿಂಗಳ ಮಾತು ಕೊಟ್ಟರು. 40 ತಿಂಗಳು 2025ರ ಅಕ್ಟೋಬರಿಗೆ ಮುಗಿಯಿತು. ಒಂದು ಕಿಲೋಮೀಟರೂ ಓಡಲಿಲ್ಲ. ಹೂವು ಅರಳಲಿಲ್ಲ, ಮೊಗ್ಗೂ ಕಾಣಲಿಲ್ಲ. ತುಮಕೂರು, ಮಂಡ್ಯ, ಕೋಲಾರ, ದೊಡ್ಡಬಳ್ಳಾಪುರದ ಹುಡುಗ ಹುಡುಗಿಯರು ತಮ್ಮ ಮನೆಯಲ್ಲೇ ಇದ್ದು ಬೆಂಗಳೂರಿನಲ್ಲಿ ದುಡಿಯಬೇಕಾದರೆ ಬೇಕಾದದ್ದು ಇಂಥ ರೈಲು. ಅದಿಲ್ಲದ್ದಕ್ಕೇ ಅವರು ಪಿ.ಜಿ.ಯ ಒಂದು ಮಂಚಕ್ಕೆ ಅರ್ಧ ಸಂಬಳ ಕೊಡುತ್ತಿರುವುದು.

ಮೆಟ್ರೊ 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ ಶುರುವಾಗಿ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂದ ಮೇಲೆ 96 ಕಿ.ಮೀ. ಆಗಿದೆ. ಅದೇ ವರ್ಷ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಒಳ್ಳೆಯ ಸವಾರಿ, ಬಡವನಿಗೆ ದುಬಾರಿ.

ಆದರೆ ಮೆಟ್ರೊ ನಮಗೆ ಒಂದು ಪಾಠ ಕಲಿಸಿದೆ. 2017ರಲ್ಲಿ ನಿಲ್ದಾಣಗಳ ಫಲಕಗಳಲ್ಲಿ ಹಿಂದಿ ತುರುಕಿದ್ದನ್ನು ನಿಮ್ಮಂಥ ಯುವಕ ಯುವತಿಯರೇ ಪ್ರಶ್ನಿಸಿದರು. 'ನಮ್ಮ ಮೆಟ್ರೊ, ಹಿಂದಿ ಬೇಡ' ಎಂದರು. ಮೊದಲು ನಕ್ಕವರು ಆಮೇಲೆ ಫಲಕ ತೆಗೆದರು. ಅಲ್ಲಿ ಗೆದ್ದದ್ದು ಫಲಕದ ಮೇಲಿನ ಅಕ್ಷರ. ಇನ್ನು ಗೆಲ್ಲಬೇಕಾದದ್ದು ಫಲಕ ತೋರಿಸುವ ದಾರಿ. ಕನ್ನಡದಲ್ಲಿ ಬರೆದ ಫಲಕ ಕನ್ನಡ ನಾಡಿಗೇ ಕರೆದುಕೊಂಡು ಹೋಗದಿದ್ದರೆ ಆ ಫಲಕ ಬರೀ ಅಲಂಕಾರ.

ಏನು ಕೇಳಬೇಕು?

ಕೂಗಿದರೆ ಸಾಲದು, ಏನು ಬೇಕೆಂದು ಗೊತ್ತಿರಬೇಕು. ನನ್ನ ಪಟ್ಟಿ ಇದು:

1. ಹಾಸನದ ಮೇಲಿನ ಮಂಗಳೂರು ಮಾರ್ಗಕ್ಕೆ ಘಟ್ಟದ ಎರಡೂ ಬದಿಯಲ್ಲಿ ಜೋಡಿ ಹಳಿ.

2. ಮಂಗಳೂರು, ಕಲಬುರಗಿ, ಬೀದರ್ ಸೇರಿ ಕರ್ನಾಟಕದ ಹಳಿಗಳೆಲ್ಲ ನೈರುತ್ಯ ರೈಲ್ವೆಯ ಕೈಗೆ.

3. ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗಕ್ಕೆ ಮುಗಿಯುವ ದಿನಾಂಕ. ಅಡಿಗಲ್ಲಿನ ದಿನಾಂಕ ಬೇಡ, ರೈಲು ಓಡುವ ದಿನಾಂಕ ಬೇಕು.

4. ಎರಡನೇ ವಿಮಾನ ನಿಲ್ದಾಣದ ಜಾಗ ಈಗಲೇ ತೀರ್ಮಾನ, ಹೊಸ ಒಪ್ಪಂದ ಸಹಿಯಾಗುವ ಮೊದಲು ಕನ್ನಡದಲ್ಲಿ ಜನರ ಮುಂದೆ.

5. ಉಪನಗರ ರೈಲಿಗೆ ತಿಂಗಳು ತಿಂಗಳು ಲೆಕ್ಕ.

6. ಹಬ್ಬದ ದಿನ ಒಳನಾಡಿಗೆ ವಿಶೇಷ ರೈಲು, ಒಂದು ವಾರ ಮೊದಲಲ್ಲ, ಎರಡು ತಿಂಗಳು ಮೊದಲೇ ಘೋಷಣೆ.

ಇದರಲ್ಲಿ ಯಾವುದೂ ಚಂದ್ರನನ್ನು ತಂದುಕೊಡಿ ಎಂದು ಕೇಳಿದ್ದಲ್ಲ. ಪಕ್ಕದ ರಾಜ್ಯಗಳು ಕೇಳಿ ಪಡೆದದ್ದೇ.

ನೀವು ಮಾಡಬೇಕಾದ್ದೇನು? ನಿಮ್ಮ ಲೋಕಸಭಾ ಸದಸ್ಯನ ಹೆಸರು ಗೊತ್ತೇ? ಮೊದಲು ಅದನ್ನು ತಿಳಿದುಕೊಳ್ಳಿ. ಈ ಆರರಲ್ಲಿ ಒಂದನ್ನು ಹಿಡಿದು ಕನ್ನಡದಲ್ಲಿ ಒಂದು ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಹತ್ತು ಹುಡುಗರು ಸೇರಿ ಹತ್ತು ಅರ್ಜಿ ಹಾಕಿದರೆ ಯಾವ ಕಚೇರಿಯ ಕುರ್ಚಿಯೂ ಅಲುಗಾಡುತ್ತದೆ. ಚುನಾವಣೆಗೆ ಕೈ ಮುಗಿದು ಬಂದಾಗ ಜಾತಿ ಕೇಳಬೇಡಿ, ರೈಲು ಕೇಳಿ. ಬಸ್ಸಿಗೆ ಕಲ್ಲು ಹೊಡೆಯಬೇಡಿ. ಆ ಬಸ್ಸು ನಮ್ಮದು, ಅದರ ಮೇಲೆ ಬರೆದಿರುವುದು ನಮ್ಮ ಅಕ್ಷರ.

1864ರಲ್ಲಿ ಪರದೇಶದವರು ತಮ್ಮ ಅನುಕೂಲಕ್ಕೆ ಒಂದು ದಿಕ್ಕಿಗೆ ಹಳಿ ಹಾಕಿದರು. ಆ ಓರೆಯನ್ನು ನೆಟ್ಟಗೆ ಮಾಡುವುದು ನಮ್ಮ ಅಪ್ಪಂದಿರಿಂದ ಅರ್ಧವಾಯಿತು, ನನ್ನ ತಲೆಮಾರಿನಿಂದ ಕಾಲು ಭಾಗವಾಯಿತು. ಉಳಿದ ಕಾಲು ನಿಮ್ಮ ಪಾಲಿನದು. ಬೀದರಿನ ಹುಡುಗನೂ ಕಾರವಾರದ ಹುಡುಗಿಯೂ 'ನಮ್ಮ ಬೆಂಗಳೂರು' ಎನ್ನಬೇಕಾದರೆ ಮೊದಲು ಬೆಂಗಳೂರು ಅವರಿಗೆ ಒಂದು ರಾತ್ರಿಯ ನಿದ್ದೆಯಷ್ಟು ಹತ್ತಿರವಾಗಲಿ.

ಸಿರಿಗನ್ನಡಂ ಗೆಲ್ಗೆ!